ಕಡಲಿಂದ ಕಾಣುವ ಗೋಡೆ

ಆ ಊರಿನ ಮನೆಗಳು ಬಂದರಿನಿಂದ ಮೇಲಕ್ಕೆ, ಒಂದರ ಹೆಗಲ ಮೇಲೊಂದು ಹತ್ತಿದ ಹಾಗೆ ಏರಿನ ಮೇಲೆ ಕೂತಿವೆ. ಕೆಳಗೆ ಹರಾಜುಕಟ್ಟೆ, ಮಂಜುಗಡ್ಡೆ ಕಾರ್ಖಾನೆ, ಸಿಗಡಿ ಸುಲಿಯುವ ಶೆಡ್ಡು, ಮುಚ್ಚಿಹೋದ ಮೀನು ಡಬ್ಬಿ ಕಾರ್ಖಾನೆಯ ಎತ್ತರದ ಚಿಮಣಿ. ಹೊರಗಿನಿಂದ ಬಂದವರು ಮೂಗು ಮುಚ್ಚಿಕೊಂಡರೆ ಊರಿನವರು ‘ಯಾವ ವಾಸನೆ?’ ಎಂದು ನಿಜವಾಗಿಯೂ ಗೊತ್ತಿಲ್ಲದೆ ಕೇಳುತ್ತಾರೆ. ಇಂಥ ಊರನ್ನು ಅಂದಗೊಳಿಸಬೇಕೆಂದು ನಗರಸಭೆಗೆ ಮನಸ್ಸಾಯಿತು. ಏರಿನ ಮನೆಗಳ ಸಮುದ್ರದ ಕಡೆಯ ಗೋಡೆಗೆಲ್ಲ ಬಿಳಿ ಬಣ್ಣ, ಖರ್ಚು ನಗರಸಭೆಯದು, ಒಪ್ಪಿದವರು ಸಹಿ ಹಾಕಿದರೆ ಸಾಕು. ದೂರದಿಂದ ನೋಡಿದರೆ ಊರು ಚೆನ್ನಾಗಿ ಕಾಣಬೇಕಂತೆ. ಅಷ್ಟು ದೂರದಿಂದ ಊರನ್ನು ದಿನಾ ನೋಡುವವರು ಯಾರು ಎಂದು ಮಾತ್ರ ಅಲ್ಲಿ ಯಾರಿಗೂ ಹೊಳೆಯಲಿಲ್ಲ.

ಮೊದಲು ಓಡಿಹೋಗಿ ಸಹಿ ಹಾಕಿದವಳು ಹಳದಿಯಕ್ಕ. ಅದು ಅವಳ ಹೆಸರಲ್ಲ, ಅವಳ ಮನೆ ಅವಳಿಗೆ ಅಂಟಿಸಿದ್ದು. ಗಂಡ ವರ್ಷಕ್ಕೊಮ್ಮೆ ದೋಣಿಗೆ ಬಳಿದು ಉಳಿದ ಹಳದಿ ಬಣ್ಣ ತಂದು ಗೋಡೆಗೆ ಬಳಿಯುತ್ತಿದ್ದ. ಕಣ್ಣಿಗೆ ರಾಚುವ ಹಳದಿ. “ಊರಲ್ಲಿ ಬೇರೆ ಬಣ್ಣಾನೇ ಸಿಗಲ್ವಾ?” ಎಂದು ಅವಳು ಸಿಡುಕಿದರೆ “ಇರೋದು ಇದೇ” ಎನ್ನುತ್ತಿದ್ದ. ಅವನು ಜ್ವರ ಬಂದು ತೀರಿಕೊಂಡು ನಾಲ್ಕು ವರ್ಷ. ಗೋಡೆ ಮಾಸಿತ್ತು, ಹೆಸರು ಮಾಸಿರಲಿಲ್ಲ.

ಆದರೆ ಗಂಡನ ಮೇಲೆ ಅವಳಿಗಿದ್ದ ದೊಡ್ಡ ದೂರು ಬಣ್ಣದ್ದಲ್ಲ. ಬೆಳಗ್ಗೆ ದೋಣಿ ಹತ್ತಿ ಹೋದವನು ಸಂಜೆ ಬಂದು, ಇನ್ನೂ ಕಾಲು ತೊಳೆಯುವ ಮೊದಲೇ, “ಇವತ್ತು ಬಟ್ಟೆ ಒಣಹಾಕಿದ್ದು ತಡ ಆಯ್ತಲ್ಲ” ಎನ್ನುವನು. “ಮಧ್ಯಾಹ್ನ ಕಿಟಕಿ ಮುಚ್ಚಿತ್ತು, ಹುಷಾರಿರ್ಲಿಲ್ವಾ?” ಎನ್ನುವನು. ಹಗಲೆಲ್ಲ ಕಡಲಲ್ಲಿದ್ದವನಿಗೆ ಇದನ್ನೆಲ್ಲ ಊದಿದವರು ಯಾರು? ಒಂದೇ ಗೋಡೆಯ ಆಚೆ ಇದ್ದವಳು ಅವನ ತಂಗಿ, ಇವಳ ನಾದಿನಿ. “ನಿನ್ನ ತಂಗಿ ಚಾಡಿ ಹೇಳಿದ್ಲಾ?” ಎಂದು ಕೇಳಿದರೆ ಆ ಮಹಾನುಭಾವ ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. “ಯಾರು ಹೇಳಿದ್ರೇನು, ನಿಜ ತಾನೆ?” ಎಂದು ತಟ್ಟೆ ಎಳೆದುಕೊಂಡ.

ಹನ್ನೊಂದು ವರ್ಷದ ಹಿಂದೆ ಅವಳು ಇಡೀ ದಿನ ಬಾಗಿಲು ಹಾಕಿಕೊಂಡು ಪೇಟೆಗೆ ಹೋಗಿದ್ದೂ ಅವನಿಗೆ ಗೊತ್ತಾಯಿತು. ಅವತ್ತು ಹಳದಿಯಕ್ಕ ನಾದಿನಿಯ ಬಾಗಿಲಲ್ಲಿ ನಿಂತು ಆಡಬಾರದ್ದನ್ನೆಲ್ಲ ಆಡಿದಳು.

“ನಾನು ಬಾಯೇ ಬಿಟ್ಟಿಲ್ಲ ಅತ್ತಿಗೆ,” ಎಂದಳು ನಾದಿನಿ.

“ಇನ್ಮೇಲೆ ನನ್ನ ಹತ್ರಾನೂ ಬಿಡ್ಬೇಡ.”

ಆಕೆ ಬಿಡಲಿಲ್ಲ. ಇಬ್ಬರೂ ಶೆಡ್ಡಿನಲ್ಲಿ ಒಂದೇ ಮೇಜಿನ ಎರಡು ತುದಿಯಲ್ಲಿ ನಿಂತು ಸಿಗಡಿ ಸುಲಿಯುತ್ತಾರೆ. ಬುಟ್ಟಿ ಬೇಕಾದರೆ “ಮೇಸ್ತ್ರಿ, ಆ ತುದಿಯವರಿಗೆ ಹೇಳಿ” ಎನ್ನುತ್ತಾರೆ. ಮೇಸ್ತ್ರಿ ಹೇಳಿ ಹೇಳಿ ಸುಸ್ತಾಗಿ, ಈಗ ಬುಟ್ಟಿಯನ್ನು ತಾನೇ ಹೊರುತ್ತಾನೆ. ಹಳದಿಯಕ್ಕನ ಗಂಡ ಸತ್ತಾಗಲೂ ಇಬ್ಬರೂ ಎರಡು ಮೂಲೆಯಲ್ಲಿ ಕೂತು ಅತ್ತರು. ಅವನು ಹೋದ ಮೇಲೆ ದೂರು ಹೇಳುವವರು ನಿಂತರು, ಕೇಳುವವನೇ ಇಲ್ಲವಲ್ಲ. ಹಳದಿಯಕ್ಕನಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ.

ಸಹಿಯಲ್ಲಿ ಮೊದಲಿನವಳಾದರೂ ಬಣ್ಣದ ಸರದಿಯಲ್ಲಿ ಅವಳೇ ಕೊನೆ. ಬಣ್ಣದವರು ನಾಳೆ ಬರುತ್ತಾರೆ ಎನ್ನುವಾಗ ಏರಿನಲ್ಲಿ ಬಿಳಿಯಾಗದೆ ಉಳಿದದ್ದು ಅವಳದೊಂದೇ ಗೋಡೆ. ಅವತ್ತು ಶೆಡ್ಡಿಗೆ ರಜೆ. ಅವಳು ಕೆಂಪು ಹೊದಿಕೆಯನ್ನು ಒಗೆದು ಗೋಡೆಯ ಮುಂದಿನ ಹಗ್ಗಕ್ಕೆ ಹಾಕುತ್ತಿದ್ದಳು. ಬಲೆ ಹೆಣೆಯುವವನು ಏದುಸಿರು ಬಿಡುತ್ತ ಹತ್ತಿ ಬಂದ. ಸುತ್ತಿ ಬಳಸಿ, ಬಿಳಿಗೆ ಬೇಗ ಪಾಚಿ ಹಿಡಿಯುತ್ತೆ, ಹಳದೀನೇ ಲಕ್ಷಣ ಎಂದು ಹೇಳಿ ಹೋದ. ಅವನು ತಿರುವು ದಾಟುವುದೇ ತಡ, ಎಂಜಿನ್ ರಿಪೇರಿಯವನು ಹಾಜರು. ಅವನ ಪ್ರಕಾರ ಹಳದಿ ಕಣ್ಣಿಗೆ ತಂಪು. ಇಪ್ಪತ್ತು ವರ್ಷ ತನ್ನ ಗೋಡೆಯನ್ನು ನೋಡಿ ನಕ್ಕವರೇ ಇವರು. ಇದರ ಹಿಂದೆ ಬೇರೇನೋ ಇದೆ ಎಂಬ ವಾಸನೆ ಅವಳ ಮೂಗಿಗೆ ಬಡಿಯಿತು.

ಮೂರನೆಯವನು ಮೂಗಣ್ಣ, ಗಂಡನ ಜೊತೆ ಒಂದೇ ದೋಣಿಯಲ್ಲಿ ಗಾಳ ಹಾಕುತ್ತಿದ್ದವನು. ಮಾತು ಬರುತ್ತದೆ, ಆಡುವುದಿಲ್ಲ. ಮೆಟ್ಟಿಲ ಮೇಲೆ ಕೂತು ಟೋಪಿ ತಿರುವತೊಡಗಿದ.

“ನಿನಗೂ ಹಳದಿ ಇಷ್ಟಾನಾ?” ಎಂದು ಅವಳೇ ಕೇಳಿದಳು.

“ಅಕ್ಕ, ಹೇಳಲ್ಲ ಅಂತ ನಿನ್ನ ಗಂಡನಿಗೆ ಮಾತು ಕೊಟ್ಟಿದ್ದೀನಿ.” ಟೋಪಿಯನ್ನು ತಲೆಗೇರಿಸಿದ. “ತೋರಿಸಲ್ಲ ಅಂತ ಕೊಟ್ಟಿಲ್ಲ. ದೋಣಿ ಹತ್ತುತ್ತೀಯಾ?”

ಮೀನಿನವನ ಹೆಂಡತಿಯಾಗಿ ಮೂವತ್ತು ವರ್ಷ ಬಾಳಿದವಳು ಬಂದರಿನ ತಡೆಗೋಡೆ ದಾಟಿರಲಿಲ್ಲ. ದೋಣಿ ಅಲ್ಲಾಡಿದಾಗಲೆಲ್ಲ ಹಲಗೆ ಹಿಡಿದುಕೊಂಡು ಮೂಗಣ್ಣನಿಗೆ ಬೈದಳು. ಮೈಲಿ ದೂರ ಹೋದ ಮೇಲೆ ಅವನು ಎಂಜಿನ್ ನಿಲ್ಲಿಸಿ, ಆಚೆ ಈಚೆ ನೋಡಿ, ಎರಡು ಸಲ ಹುಟ್ಟು ಹಾಕಿ, “ಈಗ ತಿರುಗಿ ನೋಡು” ಎಂದ.

ಊರು ಒಂದು ಅಂಗೈಯಷ್ಟಾಗಿತ್ತು. ಬಿಳಿ, ಬಿಳಿ, ಬಿಳಿ. ಒಂದು ಮನೆಗೂ ಇನ್ನೊಂದಕ್ಕೂ ವ್ಯತ್ಯಾಸವೇ ಇಲ್ಲ. ನಡುವೆ ಒಂದೇ ಒಂದು ಹಳದಿ. ಅದು ಡಬ್ಬಿ ಕಾರ್ಖಾನೆಯ ಚಿಮಣಿಯ ತುದಿಗೆ ಸರಿಯಾಗಿ ಕೂತಿತ್ತು.

ತೋರಿಸಿದ ಮೇಲೆ ಹೇಳಿದರೇನು ಎಂಬಂತೆ ಮೂಗಣ್ಣನ ಬಾಯಿಯೂ ತೆರೆಯಿತು. “ಚಿಮಣಿ ಮೇಲೆ ಗೋಡೆ ಬರ್ಬೇಕು. ಆ ಕಡೆ ದೀಪಸ್ತಂಭ ತಡೆಗೋಡೆ ತುದಿಗೆ ತಾಗ್ಬೇಕು. ಆಗ ದೋಣಿ ಕೆಳಗೆ, ನೀರೊಳಗೆ ಕಲ್ಲು. ಮೀನಿರೋದು ಆ ಕಲ್ಲಲ್ಲಿ.”

“ದೊಡ್ಡ ದೋಣಿಗಳಲ್ಲಿ ಜಾಗ ತೋರಿಸೋ ಯಂತ್ರ ಇದೆಯಲ್ಲ?”

“ಯಂತ್ರ ಹತ್ತು ಮಾರು ಆಚೆ ಈಚೆ ತೋರಿಸುತ್ತೆ. ಕಲ್ಲಿರೋದೇ ಎಂಟು ಮಾರು. ಗುರುತು ಬಾಯಿಬಿಟ್ರೆ ಕಲ್ಲು ಹೋಯ್ತು. ಹೆಂಡತಿಗೆ ಹೇಳಿದ್ರೆ ಶೆಡ್ಡಿಗೆಲ್ಲ ಹೇಳಿದ ಹಾಗೆ ಅಂತಿದ್ದ. ಬಲೆಯವನೂ ಎಂಜಿನ್ನಿನವನೂ ಹೇಗೋ ಪತ್ತೆ ಮಾಡಿ ಇಲ್ಲಿ ಗಾಳ ಹಾಕ್ತಾರೆ. ತನಗೊಬ್ಬನಿಗೇ ಗೊತ್ತು ಅಂತ ಇಬ್ಬರಿಗೂ ನಂಬಿಕೆ.”

ಅವಳು ಅದನ್ನು ಕೇಳುತ್ತಿರಲಿಲ್ಲ. ಗೋಡೆಯ ನಡುವೆ ಕಪ್ಪು ಚುಕ್ಕೆಯಂತೆ ಅವಳ ಕಿಟಕಿ ತೆರೆದಿತ್ತು. ಅದರ ಮುಂದೆ ಕೆಂಪು ಹೊದಿಕೆ.

“ಇಲ್ಲಿಂದ ನನ್ನ ಕಿಟಕಿ ಕಾಣುತ್ತೆ,” ಎಂದಳು.

“ಅವನಿಗೆ ಅದೇ ಚಟ. ಗಾಳಕ್ಕೆ ಮೀನು ಕಚ್ಚಿದ್ರೂ ಗೊತ್ತಾಗ್ತಿರ್ಲಿಲ್ಲ. ‘ಈಗ ಎದ್ದಳು, ಈಗ ಒಗೆದಳು’ ಅಂತ ಒಬ್ಬನೇ ಅಂದ್ಕೊಳ್ತಿದ್ದ. ಅವತ್ತೊಂದಿನ ಇಡೀ ದಿನ ಕಿಟಕಿ ತೆರೀಲಿಲ್ಲ ನೋಡು, ಗಾಳಾನೇ ಹಾಕಲಿಲ್ಲ.”

ಹಳದಿಯಕ್ಕನಿಗೆ ಮೊದಲು ಬಂದದ್ದು ಸಿಟ್ಟು. ಒಂದು ಕಲ್ಲನ್ನು ಉಳಿಸಿಕೊಳ್ಳಲು ಒಡಹುಟ್ಟಿದವಳ ತಲೆಗೆ ಅಪವಾದ ಕಟ್ಟಿ ಸುಮ್ಮನಿದ್ದನಲ್ಲ, ಎಂಥ ಮನುಷ್ಯ. ಆಮೇಲೆ ದುಃಖ ಉಕ್ಕಿತು. ಹೆಂಡತಿಯ ಮುಖ ನೋಡಿ ಎರಡು ಮಾತು ಆಡದವನು ಹಗಲೆಲ್ಲ ಅವಳ ಕಿಟಕಿಯನ್ನು ನೋಡುತ್ತ ಕೂತಿದ್ದ. ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ಮತ್ತೆ ಊರಿನ ಕಡೆ ನೋಡಿದಳು.

ಅಲ್ಲಿ ಗಾಳಿ ಬೀಸಿರಬೇಕು. ಕೆಂಪು ಹೊದಿಕೆ ಹಗ್ಗದಿಂದ ಜಾರಿ ಬಿತ್ತು. ಅವಳು ಅಯ್ಯೋ ಎನ್ನುವಷ್ಟರಲ್ಲಿ ಪಕ್ಕದ ಬಿಳಿ ಮನೆಯಿಂದ ಇರುವೆಯಷ್ಟು ಚಿಕ್ಕದೊಂದು ಆಕಾರ ಹೊರಬಂದಿತು. ಬಗ್ಗಿತು, ಹೊದಿಕೆ ಎತ್ತಿತು, ಎರಡು ಸಲ ಕೊಡವಿ ಮತ್ತೆ ಹಗ್ಗಕ್ಕೆ ಹಾಕಿತು. ಆಚೆ ಈಚೆ ನೋಡಿ ಒಳಗೆ ಹೋಯಿತು.

“ಇದು ಯಾವಾಗಿಂದ?” ಎಂದಳು.

“ಯಾವಾಗಲೂ,” ಎಂದ ಮೂಗಣ್ಣ. “ಮಳೆ ಬಂದ್ರೆ ಎತ್ತಿ ನಿನ್ನ ಸೂರಿನ ಕೆಳಗೆ ಇಡ್ತಾಳೆ.”

ಸೂರಿನ ಕೆಳಗೆ ಬಟ್ಟೆ ಇದ್ದಾಗಲೆಲ್ಲ, ಗಾಳಿಗೆ ಹಾರಿ ಅಲ್ಲಿ ಬಿದ್ದಿತು ಎಂದೇ ಅವಳು ತಿಳಿದಿದ್ದಳು. ಮಡಚಿದ ಬಟ್ಟೆಯನ್ನು ಯಾವ ಗಾಳಿ ತಂದು ಇಡುತ್ತದೆ ಎಂದು ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ದಡ ಮುಟ್ಟಿದ ಮೇಲೆ ನಗರಸಭೆಗೆ ಹೋಗಿ ತನ್ನ ಸಹಿಯ ಮೇಲೆ ಅಡ್ಡಗೆರೆ ಎಳೆದಳು. ಯಾಕೆ ಎಂದು ಗುಮಾಸ್ತ ಕೇಳಿದ್ದಕ್ಕೆ, ಹಳದಿ ಕಣ್ಣಿಗೆ ತಂಪು ಎಂದಳು. ಆಮೇಲೆ ಏರು ಹತ್ತಿದಳು. ತನ್ನ ಬಾಗಿಲು ದಾಟಿ ಪಕ್ಕದ ಬಾಗಿಲಲ್ಲಿ ನಿಂತಳು. ನಾದಿನಿ ಹೊಸ್ತಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಿದಳು, ಕೈ ನಿಂತಿತು.

“ನನ್ನ ಹೊದಿಕೆ ಬಿದ್ದಿತ್ತಲ್ಲ. ನೀನು ಎತ್ತಿ ಹಾಕಿದೆಯಲ್ಲ,” ಎಂದಳು ಹಳದಿಯಕ್ಕ.

ನಾದಿನಿ ನೆಟ್ಟಗೆ ಕೂತಳು. ಮತ್ತೊಂದು ಜಗಳಕ್ಕೆ ಸಿದ್ಧಳಾದವಳ ಹಾಗೆ ಮೊರವನ್ನು ಬದಿಗಿಟ್ಟಳು.

“ಯಾರು ಹೇಳಿದ್ರು?”

“ಯಾರೂ ಹೇಳಲಿಲ್ಲ ಕಣೇ. ಕಡಲಿಂದ ಕಾಣುತ್ತೆ. ಎಲ್ಲಾ ಕಾಣುತ್ತೆ.”

ನಾದಿನಿ ಅವಳನ್ನೇ ನೋಡಿದಳು. ಆಮೇಲೆ ಕೆಳಗಿನ ಚಿಮಣಿ, ಅದರಾಚೆಯ ನೀರು, ಮತ್ತೆ ಅಣ್ಣ ಬಳಿದ ಹಳದಿ ಗೋಡೆ. ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವಳೂ ಮೀನಿನವರ ಮನೆಯ ಮಗಳು.

“ಹನ್ನೊಂದು ವರ್ಷ ಅತ್ತಿಗೆ,” ಎಂದಳು.

ಹಳದಿಯಕ್ಕ ಹೊಸ್ತಿಲ ಆಚೆ ತುದಿಯಲ್ಲಿ ಕೂತಳು. ನಾದಿನಿ ಮೊರವನ್ನು ಇಬ್ಬರ ನಡುವೆ ಎಳೆದಿಟ್ಟಳು.