ಬಸುರಿಗೆ ಬಾಡಿಗೆ ಮನೆ

ಸಾಮಾನು ತುಂಬಿದ ಆಟೊ ಬಾಗಲಗುಂಟೆಯ ಆ ಮೂರಂತಸ್ತಿನ ಮನೆಯೆದುರು ನಿಂತಾಗ ಮಹಾನಂದಾಳ ಕಣ್ಣು ಮೊದಲು ಹೋದದ್ದು ನೆಲಮಹಡಿಯ ಮೂಲೆಯ ಬಾಗಿಲಿಗೆ. ಅದು ಇವತ್ತಿನಿಂದ ಅವಳ ಮನೆ. ಒಂದೇ ಕೋಣೆ, ಅದರಲ್ಲೇ ಅಡುಗೆಕಟ್ಟೆ. ಆದರೂ ಮೇಲೆ ಸಿಮೆಂಟಿನ ಸೂರಿತ್ತು, ಬಾಗಿಲಿಗೆ ಚಿಲಕವಿತ್ತು.

ಯಾದಗಿರಿ ಕಡೆಯಿಂದ ಅವರು ಬೆಂಗಳೂರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಗಂಡ ಸಂಗಣ್ಣ ಕಾಂಕ್ರೀಟಿಗೆ ಹಲಗೆ ಕಟ್ಟುವ ಸೆಂಟ್ರಿಂಗ್ ಕೆಲಸದವನು. ಅವಳು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಸ್ವಿಚ್ಚುಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಇಷ್ಟು ದಿನ ಸಂಗಣ್ಣ ಕಟ್ಟುತ್ತಿದ್ದ ಅಪಾರ್ಟ್‌ಮೆಂಟಿನ ಮಗ್ಗುಲಲ್ಲೇ ತಗಡಿನ ಶೆಡ್ಡಿನಲ್ಲಿ ಇಬ್ಬರ ಸಂಸಾರ. ಕಟ್ಟಡ ಮುಗಿಯಿತು, ಬಣ್ಣ ಬಳಿದಾಯಿತು, ಶೆಡ್ಡು ಕಣ್ಣಿಗೆ ಕಾಣಬಾರದೆಂದು ಮೇಸ್ತ್ರಿ ಎಬ್ಬಿಸಿಬಿಟ್ಟ. ಮನೆ ಹುಡುಕಿಕೊಂಡು ಹೋದರೆ ಒಬ್ಬರು ಅವಳ ಯಾದಗಿರಿ ಕಡೆಯ ಮಾತು ಕೇಳಿದೊಡನೆ ಬಾಗಿಲು ಹಾಕಿಕೊಂಡರು. ಇನ್ನೊಬ್ಬರು ಊರು ಕೇಳಿ, ಅಪ್ಪನ ಹೆಸರು ಕೇಳಿ, ಕೊನೆಗೆ ನಾಚಿಕೆಯಿಲ್ಲದೆ, "ಅಂದ್ರೆ ನೀವು ಯಾವ ಪೈಕಿ?" ಎಂದರು. ಈ ಮನೆಯ ಒಡತಿ ಸುಬ್ಬಲಕ್ಷ್ಮಮ್ಮ ಮಾತ್ರ ಹೆಚ್ಚು ಕೇಳದೆ ಅಡ್ವಾನ್ಸ್ ತೆಗೆದುಕೊಂಡಿದ್ದಳು. ಅವತ್ತು ಒಳಗೆ ಹೋಗುವ ಮುಂಚೆ ಸಂಗಣ್ಣ ಹೆಂಡತಿಯ ಕಿವಿಯಲ್ಲಿ, "ಸೆರಗ ಸ್ವಲ್ಪ ಹೊದ್ಕೊ," ಎಂದಿದ್ದ. ಅವಳು ಹೊದ್ದುಕೊಂಡಿದ್ದಳು. ಆರು ತಿಂಗಳ ಹೊಟ್ಟೆ ಆ ದಿನ ಯಾರಿಗೂ ಕಾಣಿಸಲಿಲ್ಲ.

ಇವತ್ತು ಸಾಮಾನು ಇಳಿಸುವ ಭರದಲ್ಲಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಕೀ ಕೊಡಲು ಬಂದ ಸುಬ್ಬಲಕ್ಷ್ಮಮ್ಮ ಕೈ ಚಾಚಿದವಳು ಚಾಚಿದಂತೆಯೇ ಹಿಂದಕ್ಕೆಳೆದುಕೊಂಡಳು.

"ಏನಮ್ಮಾ, ಬಸುರೀನಾ ನೀನು? ಅವತ್ತು ಹೇಳ್ಳೇ ಇಲ್ಲ!"

"ನೀವು ಕೇಳ್ಳಿಲ್ಲಲ್ರೀ," ಎಂದಳು ಮಹಾನಂದಾ.

"ಇಂಗೆಲ್ಲ ಆಗಾಕಿಲ್ಲ. ಮೇಲ್ಗಡೆ ನನ್ ಸೊಸೆ ತುಂಬಿದ ಬಸುರಿ. ಒಂದೇ ಸೂರಿನ ಕೆಳಗೆ ಇಬ್ರು ಬಸುರೀರು ಇರಬಾರ್ದು. ಒಬ್ರಿಗೆ ಕೇಡು ತಪ್ಪಿದ್ದಲ್ಲ."

ಸಂಗಣ್ಣ ಕೈ ಮುಗಿದ. "ಅಮ್ಮಾರ, ಹೆರಿಗಿ ಟೈಮಿಗೆ ಊರಿಗೆ ಕಳಸ್ತೀನ್ರಿ."

ಮಹಾನಂದಾ ಗಂಡನ ಮುಖ ನೋಡಿದಳು. ಯಾವ ಊರಿಗೆ ಕಳಿಸುತ್ತಾನೆ? ಅವಳಿಗೆ ಅವ್ವ ಇಲ್ಲ. ಅತ್ತೆ ಹೊಳೆವ್ವ ಇಲ್ಲಿಗೇ ಬಂದು ಬಾಣಂತನ ಮಾಡುತ್ತೇನೆಂದು ಹೇಳಿ ತಿಂಗಳಾಯಿತು.

"ಬ್ಯಾಡಪ್ಪ, ಬ್ಯಾಡ. ಅಡ್ವಾನ್ಸ್ ವಾಪಸ್ ಕೊಡ್ತೀನಿ. ಒಂದ್ ತಿಂಗಳ ಬಾಡಿಗೆ ಮಾತ್ರ ಇಡ್ಕೋತೀನಿ, ಪೇಂಟಿಂಗ್‌ಗೆ."

ಆ ಮಾತು ಕಿವಿಗೆ ಬಿದ್ದದ್ದೇ ಮಹಾನಂದಾಳಿಗೆ ತಲೆಯವರೆಗೂ ರಕ್ತ ಏರಿದಂತಾಯಿತು.

"ಯಾ ಪೇಂಟಿಂಗ್ ರೀ? ನಾವು ಒಳಗ ಕಾಲೇ ಇಟ್ಟಿಲ್ಲ. ನಿಮ್ಮ ಗೋಡಿಗೆ ನಮ್ಮ ನೆರಳು ಬಿದ್ದದ್ದಕ್ಕ ಬಣ್ಣ ಹೊಡೀತೀರೇನು?"

"ನೋಡು, ಬಾಯಿ ಮಾಡ್ಬೇಡ. ಮರ್ಯಾದಸ್ತರ ಏರಿಯಾ ಇದು."

"ಹೋಗ್ಲಿ ಬಿಡ, ಮಾನಂದಾ," ಎಂದು ಸಂಗಣ್ಣ ತೋಳು ಹಿಡಿದ. ಅವಳು ಕೊಡವಿಕೊಂಡು ಹೋಗಿ, ಮೆಟ್ಟಿಲ ಮೇಲೆ ನಟ್ಟನಡುವೆ ಕೂತಳು. ಹತ್ತುವವರು ಹತ್ತುವಂತಿರಲಿಲ್ಲ, ಇಳಿಯುವವರು ಇಳಿಯುವಂತಿರಲಿಲ್ಲ.

"ಪೂರಾ ರೊಕ್ಕ ಕೈಯಾಗ ಬರೂತನಕ ನಾ ಏಳಂಗಿಲ್ಲ."

ಅಕ್ಕಪಕ್ಕದ ಬಾಡಿಗೆದಾರರು ಬಾಗಿಲು ಅರ್ಧ ತೆರೆದು ನೋಡಿದರು. ಯಾರೂ ಉಸಿರೆತ್ತಲಿಲ್ಲ. ನಾಳೆ ಅವರೂ ಇದೇ ಮೆಟ್ಟಿಲ ಮೇಲೆ ಓಡಾಡಬೇಕಲ್ಲ. ಅದು ಗೊತ್ತಿದ್ದೂ ಅವರ ಮೌನದ ಮೇಲೆ ಅವಳಿಗೆ ಸಿಟ್ಟು ಬಂತು. ತನ್ನ ಮೇಲೂ ಬಂತು. ಅವತ್ತು ಕಳ್ಳತನದ ಮಾಲಿನ ಹಾಗೆ ಹೊಟ್ಟೆ ಮುಚ್ಚಿಕೊಂಡು ಬಂದವಳು ತಾನೇ ಅಲ್ಲವೇ?

ಅಷ್ಟರಲ್ಲಿ ಮೇಲಿನ ಬಾಲ್ಕನಿಗೆ ಸೊಸೆ ಗೌರಿ ಬಂದಳು. ಕೈತುಂಬ ಹಸಿರು ಬಳೆ, ಮುಖದಲ್ಲಿ ಮಹಾನಂದಾಳಿಗಿದ್ದ ಅದೇ ಬಸುರಿನ ಆಯಾಸ. ಇಬ್ಬರ ಕಣ್ಣೂ ಕೂಡಿದವು. ಇವಳಾದರೂ ಒಂದು ಮಾತು ಆಡಿಯಾಳು ಎಂದು ಮಹಾನಂದಾ ಕಾದಳು.

"ಅತ್ತೇ," ಎಂದಳು ಗೌರಿ, "ಪೂರ್ತಿ ದುಡ್ಡು ಕೊಟ್ಟು ಕಳಿಸ್ಬಿಡಿ. ಅವಳು ಇಲ್ಲಿ ಕೂತಿದ್ರೆ ನಂಗೆ ಭಯ ಆಗತ್ತೆ."

ಮುದುಕಿ ಬೈದಾಗ ಆಗದ ಉರಿ ಈಗ ಮಹಾನಂದಾಳ ಎದೆಯಲ್ಲಿ ಎದ್ದಿತು. ಸುಬ್ಬಲಕ್ಷ್ಮಮ್ಮ ಒಳಗೆ ಹೋಗಿ ಹಣ ತಂದು, ಅವಳ ಕೈಗೆ ಕೊಡದೆ ಸಂಗಣ್ಣನ ಕೈಗೆ ಹಾಕಿದಳು. ಎದ್ದು ನಿಂತ ಮಹಾನಂದಾ ಬಾಲ್ಕನಿಯತ್ತ ಮುಖ ಎತ್ತಿ, "ತಂಗೀ, ನಿನ್ನ ಹೆರಿಗಿ ಚಲೋತ್ನಾಗೇ ಆಗ್ಲಿ. ಆದ್ರ ನಾ ಹೊಂಟಿದ್ದಕ್ಕ ಚಲೋ ಆತು ಅಂತ ಮಾತ್ರ ತಿಳ್ಕೋಬ್ಯಾಡ," ಎಂದಳು. ಗೌರಿ ಒಳಗೆ ಸರಿದಳು.

ಸಾಮಾನು ಮತ್ತೆ ಆಟೊ ಏರಿತು. ಚಾಲಕ ಮಲ್ಲಿಕ್ ಎಲ್ಲವನ್ನೂ ನೋಡಿದ್ದ. ಗಾಡಿ ತಿರುಗಿಸುತ್ತ, "ಅಕ್ಕಾ, ಚಿಕ್ಕಬಾಣಾವರದಲ್ಲಿ ನಮ್ ಗಲ್ಲೀಲೇ ಒಂದು ರೂಮ್ ಖಾಲಿ ಐತೆ. ಶೀಟಿನ ಮನೆ. ಭದ್ರಮ್ಮ ಅಂತ ಓನರ್ರು. ಕೇಳಿ ನೋಡಾಣ," ಎಂದ.

ದಾರಿಯಲ್ಲಿ ಸಂಗಣ್ಣ ಒಮ್ಮೆ, "ಅಲ್ಲೆ ಮೊದ್ಲು ನಾ ಮಾತಾಡ್ತೀನಿ," ಎಂದ. "ನೀ ಸುಮ್ನಿರು," ಎಂದಳು.

ಚಿಕ್ಕಬಾಣಾವರದ ಗಲ್ಲಿಯಲ್ಲಿ ಭದ್ರಮ್ಮ ಹೊಸಿಲ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಹಾನಂದಾ ಆಟೊದಿಂದ ಇಳಿದು ನೇರ ಅವಳೆದುರು ಹೋಗಿ ನಿಂತಳು.

"ನಾವು ಯಾದಗಿರಿ ಕಡಿಯವ್ರು. ನಾ ಬಸುರಿ ಅದೀನಿ. ಹೆರಿಗಿ ಇಲ್ಲೇ ಆಗೂದು, ಬಾಣಂತನಕ್ಕ ನಮ್ಮತ್ತಿ ಬರ್ತಾಳ. ಮನ್ಯಾಗ ಮಟನ್ ಮಾಡ್ತೀವಿ. ಕೂಸು ಹುಟ್ಟಿದ ಮ್ಯಾಲ ರಾತ್ರಿ ಅಳತೈತಿ. ಕೊಡೂದಿದ್ರ ಕೊಡ್ರಿ, ಇಲ್ಲಾಂದ್ರ ಈಗೇ ಹೇಳ್ರಿ, ಸಾಮಾನ ಇಳಸಂಗಿಲ್ಲ."

ಸಂಗಣ್ಣ ಹಣೆ ಹಿಡಿದುಕೊಂಡ. ಭದ್ರಮ್ಮ ಸುಲಿಯುವ ಕೈ ನಿಲ್ಲಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು.

"ಬಾಣಂತಿಗೆ ಬಿಸ್ನೀರು ಜಾಸ್ತಿ ಬೇಕಲ್ಲವ್ವಾ. ಇಲ್ಲಿ ದಿನ ಬಿಟ್ಟು ದಿನ ನೀರು. ಡ್ರಮ್ಮು ಐತಾ ನಿಮ್ತಾವ?"

ಮಹಾನಂದಾ ಜಗಳಕ್ಕೆ ಸಿದ್ಧಳಾಗಿ ನಿಂತಿದ್ದಳು. ಈಗ ಅವಳ ಕಣ್ಣು ಆಟೊದಲ್ಲಿದ್ದ ಡ್ರಮ್ಮಿನತ್ತ ಹೋಯಿತು. "ಒಂದೈತ್ರಿ," ಎಂದಳು.

"ಸಾಲಾಕಿಲ್ಲ. ಇನ್ನೊಂದು ತಕ್ಕೊಳ್ಳಿ." ಭದ್ರಮ್ಮ ಸೊಂಟದ ಕೀಗೊಂಚಲು ಬಿಚ್ಚಿದಳು.

ಸಂಗಣ್ಣ ಬಾಗಿ ಬಾಗಿ ಕೈ ಮುಗಿದ. "ದೊಡ್ಡ ಉಪಕಾರ ಆತ್ರಿ ಅಮ್ಮಾರ, ನೀವು ದೇವರಂಗ—"

"ಕೈ ಇಳಸು," ಎಂದಳು ಮಹಾನಂದಾ. "ಬಾಡಿಗಿ ಕೊಡ್ತೀವಿ. ಪುಗಸಟ್ಟೆ ಇರಾಕ ಬಂದಿಲ್ಲ."

ಭದ್ರಮ್ಮ ನಕ್ಕಳು. ಮಹಾನಂದಾ ನಗಲಿಲ್ಲ. ಕೋಣೆ ಬಾಗಲಗುಂಟೆಯದಕ್ಕಿಂತ ಚಿಕ್ಕದು. ಶೀಟು ಕಾದು ಒಳಗೆಲ್ಲ ಝಳ ತುಂಬಿತ್ತು. ಹಿಂದೆ ರೈಲು ಹೋದರೆ ಕಿಟಕಿ ಗಡಗಡ ಅನ್ನುತ್ತಿತ್ತು, ಫ್ಯಾಕ್ಟರಿಗೆ ಇನ್ನು ಎರಡು ಬಸ್ಸು ಬದಲಿಸಬೇಕು. ಇಷ್ಟಕ್ಕೇ ಲೋಕ ತನಗೆ ಕೃತಜ್ಞಳಾಗಿರು ಅನ್ನುತ್ತದೆ ಎಂದುಕೊಂಡು ಅವಳು ಹಲ್ಲು ಕಚ್ಚಿದಳು. ಪೊರಕೆ ತೆಗೆದುಕೊಂಡು ಗುಡಿಸತೊಡಗಿದಳು. ಹೊಡೆತಕ್ಕೆ ಧೂಳು ಎದ್ದು, ಸಂಗಣ್ಣ ಕೆಮ್ಮುತ್ತ ಹೊರಗೆ ಹೋದ. ಅವಳು ನಿಲ್ಲಿಸಲಿಲ್ಲ.