ತಕರಾರಮ್ಮ

ಆಕೆ ಕುಳಿತು ಮಾತನಾಡಿದ್ದನ್ನು ನಾನು ಕಂಡಿಲ್ಲ. ಸಭೆಯಲ್ಲಿ ಉಳಿದವರೆಲ್ಲ ಮೆತ್ತನೆಯ ಕುರ್ಚಿಗಳಲ್ಲಿ ಹುದುಗಿರುವಾಗ, ಗುಂಡಿ ಹಾಕದ ಬಿಳಿ ಕೋಟಿನ ತೋಳುಗಳನ್ನು ಮೊಣಕೈವರೆಗೆ ಮಡಚಿಕೊಂಡು, ಕುರ್ಚಿಯ ಬೆನ್ನನ್ನು ಎರಡೂ ಕೈಗಳಿಂದ ಹಿಡಿದು, ಈಗಲೋ ಆಗಲೋ ಅದನ್ನೆತ್ತಿ ಯಾರ ಮೇಲಾದರೂ ಹಾಕಿಯಾರು ಎಂಬ ಭಂಗಿಯಲ್ಲಿ ನಿಂತಿರುತ್ತಿದ್ದರು. ಆಸ್ಪತ್ರೆಯವರು ಬೆನ್ನ ಹಿಂದೆ ಇಟ್ಟ ಹೆಸರು ತಕರಾರಮ್ಮ. ಅದು ಕಿವಿಗೆ ಬಿದ್ದಾಗ, "ಸದ್ಯ, ಹೌದಮ್ಮ ಅಂತ ಇಡ್ಲಿಲ್ವಲ್ಲ" ಎಂದು ನಕ್ಕರಂತೆ.

ಮಧುಮೇಹಿಗಳಿಗೆ ಎಷ್ಟು ಇನ್ಸುಲಿನ್ ಕೊಡಬೇಕೆಂದು ವೈದ್ಯರಿಗೆ ಸಲಹೆ ನೀಡುವ ಕಂಪ್ಯೂಟರ್ ವ್ಯವಸ್ಥೆಯೊಂದು ಬಂದಾಗ, ಮೊದಲು ಆಸ್ಪತ್ರೆಯಲ್ಲೇ ಅದನ್ನು ಬಳಸಿ ಪರೀಕ್ಷಿಸುವ ಹೊಣೆ ಈ ವೈದ್ಯೆಯ ಹೆಗಲಿಗೇರಿತು. ಆಕೆ ಸಹಿ ಹಾಕಿದರೆ ಅದು ಊರಿನ ಎಲ್ಲ ಚಿಕಿತ್ಸಾಲಯಗಳಿಗೂ ಹೋಗುವುದಿತ್ತು. ಹಳೆಯ ಸಕ್ಕರೆ ಕಾಯಿಲೆಯವನಾದ ನಾನು ರೋಗಿಗಳ ಪ್ರತಿನಿಧಿಯಾಗಿ ಸಭೆಯಲ್ಲಿದ್ದೆ. ನೂರಕ್ಕೆ ತೊಂಬತ್ತು ಸಲಹೆಗಳನ್ನು ವೈದ್ಯರು ಒಪ್ಪಿದ್ದಾರೆಂದು ಆಸ್ಪತ್ರೆಯ ನಿರ್ದೇಶಕರು ಸಾರಿದಾಗ ಕೋಣೆಯ ತುಂಬ ಚಪ್ಪಾಳೆ.

"ವೈದ್ಯರು ಒಪ್ಪಿದ್ರು, ಸರಿ. ರೋಗಿ ಏನಾದ?" ಎಂದರು ಆಕೆ.

ವಾರಗಟ್ಟಲೆ ಅವರು ತಪಾಸಣೆಯ ಕೋಣೆಗಳ ಮೂಲೆಯಲ್ಲಿ ನಿಂತು, ಕಂಪ್ಯೂಟರ್ ಪರದೆಯನ್ನು ಬಿಟ್ಟು ವೈದ್ಯರ ಬೆರಳುಗಳನ್ನು ನೋಡಿದ್ದರು. 'ಒಪ್ಪಿದೆ' ಎಂಬುದನ್ನು ಒತ್ತದೆ ಮುಂದಿನ ರೋಗಿಯ ಪುಟ ತೆರೆಯುತ್ತಿರಲಿಲ್ಲ, ಹೊರಗೆ ಸಾಲು ಬೆಳೆಯುತ್ತಿತ್ತು, ವೈದ್ಯರು ಓದದೆಯೇ ಒತ್ತುತ್ತಿದ್ದರು. ಹೊಟ್ಟೆ ಕೆಟ್ಟು ಊಟ ಬಿಟ್ಟಿದ್ದ ದರ್ಜಿ ಹೆಂಗಸೊಬ್ಬಳಿಗೆ ಹಾಗೆ ಒತ್ತಿದ ಸಲಹೆಯಂತೆ ಇನ್ಸುಲಿನ್ ಏರಿಸಿದ್ದರು. ಊಟ ಮಾಡಿದೆಯಾ ಎಂದು ಯಂತ್ರವೂ ಕೇಳಲಿಲ್ಲ, ವೈದ್ಯರೂ ಕೇಳಲಿಲ್ಲ. ಸಕ್ಕರೆ ಕುಸಿದು ಆಕೆ ಹೊಲಿಗೆ ಯಂತ್ರದ ಮೇಲೆಯೇ ಬಿದ್ದಳು. ಪಕ್ಕದವರು ನೋಡಿದ್ದರಿಂದ ಬದುಕಿದಳು. ಇದಿಷ್ಟನ್ನೂ ವೈದ್ಯೆ ಸಭೆಯ ಮುಂದಿಟ್ಟರು.

"ಒಂದು ಪ್ರಕರಣಕ್ಕೆಲ್ಲ ಯಂತ್ರಾನೇ ಬೇಡ ಅಂದ್ರೆ ಹೇಗಮ್ಮ?" ಎಂದ ನಿರ್ದೇಶಕರು, ಆಕೆಯ ನೇಮಕದ ಅವಧಿ ಮುಗಿಯುತ್ತ ಬಂದಿರುವುದನ್ನೂ ಮೆಲ್ಲಗೆ ನೆನಪಿಸಿದರು.

"ಬೇಡ ಅಂದೋರು ಯಾರು? ರೋಗಿಗೆ ಒಳ್ಳೇದಾಯ್ತಾ ಅಂತ ಅಳೆದು ತನ್ನಿ, ನಾನೇ ತಲೆ ಮೇಲೆ ಹೊತ್ಕೊಂಡು ಹೋಗಿ ಕೊಡ್ತೀನಿ. ಕೆಲಸ ನೀವು ಕೊಟ್ಟಿದ್ದು, ತಗೊಳ್ಳಿ. ಸಹಿ ನಂದು, ಕೊಡಲ್ಲ."

ಕೆಲಸ ಹೋಯಿತು. ಆದರೆ ಸಹಿಯಿಲ್ಲದ ಯಂತ್ರವೂ ಮರುಪರೀಕ್ಷೆಯಾಗುವವರೆಗೆ ಆಸ್ಪತ್ರೆಯ ಬಾಗಿಲು ದಾಟಿ ಊರಿನ ಚಿಕಿತ್ಸಾಲಯಗಳಿಗೆ ಹೋಗಲಿಲ್ಲ. ಆ ನಿರ್ದೇಶಕರ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ಇಂಥವರನ್ನು ಸಂಸ್ಥೆಗಳು ಸಹಿಸುವುದಿಲ್ಲ. ಬೀಳ್ಕೊಡುಗೆಯ ನಾಲ್ಕು ಸುಳ್ಳು ಮಾತೂ ಇವರ ಪಾಲಿಗೆ ಬರುವುದಿಲ್ಲ. ಮದ್ದು ಕೊಟ್ಟು ಉಳಿಸಿದವರಿಗೆ ಕೈಮುಗಿಯಲು ಜನ ಸಿಗುತ್ತಾರೆ. ಬೇಡವೆಂದು ತಡೆದು ಉಳಿಸಿದವರಿಗೆ ಯಾರೂ ಸಿಗುವುದಿಲ್ಲ, ಏಕೆಂದರೆ ಉಳಿದವರಿಗೆ ತಾವು ಉಳಿದದ್ದೇ ಗೊತ್ತಿರುವುದಿಲ್ಲ. ಅವರಲ್ಲಿ ನಾನೂ ಒಬ್ಬನಿರಬಹುದು.