ಎರಡನೇ ಸಾಲಿನ ಕೆಳದನಿ

"ಚರ್ಚಲ್ಲಿ ಹಾಡು ಶುರು ಮಾಡೋಕೆ ಪೆನಿಸಿಮನಿ ಕೈ ಎತ್ತಿದ, ನಾನು ಕೆಳದನಿ ಬಿಟ್ಟೆ ನೋಡು, ಸಮುದ್ರ ಒಂದು ಮೈಲಿ ಹಿಂದಕ್ಕೆ ಹೋಯ್ತು!" ಎಂದ ಮಾನಾಸೆ, ಕೆಂಪಗೆ ಕಾದ ಕಲ್ಲೊಂದನ್ನು ಕೋಲಿನಿಂದ ಒಲೆಗುಳಿಗೆ ಉರುಳಿಸುತ್ತ. "ಮೂರು ದಿನ ವಾಪಸ್ ಬರ್ಲೇ ಇಲ್ಲ. ಹೆಂಗಸರೆಲ್ಲ ಬುಟ್ಟಿ ಹಿಡ್ಕೊಂಡು ಹೋಗಿ ಮೀನು ಹೆಕ್ಕಿ ತಂದ್ರು. ಕೊನೆಗೆ ಪಾದ್ರಿಗಳೇ ಬಂದು, 'ಮಾನಾಸೆ, ಸ್ವಲ್ಪ ಮೇಲಿನ ಸ್ವರ ಹಾಡಪ್ಪ, ದೋಣಿಗಳೆಲ್ಲ ಮರಳಲ್ಲಿ ಕೂತುಬಿಟ್ಟಿವೆ' ಅಂತ ಕೈ ಮುಗಿದ್ರು."

"ಆವತ್ತು ನಾನೂ ಅಲ್ಲೇ ಇದ್ದೆ," ಎಂದ ಸೋಸಾಯಾ, ಕಲ್ಲಿನ ಮೇಲೆ ಬಾಳೆಲೆ ಹರವುತ್ತ. "ನನ್ನ ಕಾಲು ಒದ್ದೆಯಾಗೇ ಇತ್ತು."

"ಅದು ಬೆವರು ಕಣೋ. ನನ್ನ ಪಕ್ಕ ನಿಂತು ಹಾಡೋದು ಅಂದ್ರೆ ಸುಮ್ನೆನಾ?"

ಕೆಸುವಿನ ಗೆಡ್ಡೆ ಹೆರೆಯುತ್ತಿದ್ದ ಮೆಲೆನೈತೆ ನಗಲಿಲ್ಲ, ಆದರೆ ಬೆಳಗಿನಿಂದ ಮೊದಲ ಬಾರಿ ತಲೆ ಎತ್ತಿ ನೋಡಿದಳು. ಸತ್ತ ಪೆನಿಸಿಮನಿ ಅವಳ ಅಪ್ಪ. ಹಾಗಿದ್ದೂ ಅವಳಿಗೆ ಮನೆಯ ಒಳಗೆ ಜಾಗವಿರಲಿಲ್ಲ. ಹಾಪಾಯಿ ದ್ವೀಪಗಳಲ್ಲಿ ಗಂಡಸು ಸತ್ತರೆ ಅವನ ಮಕ್ಕಳು, ಅವನ ಸೋದರಮಾವನ ಕಡೆಯವರು ಎಲ್ಲರೂ ಕೆಳಗಿನವರು. ಮೊಣಕಾಲಿನಿಂದ ಎದೆಯವರೆಗೆ ಹರಕು ಚಾಪೆ ಸುತ್ತಿಕೊಂಡು, ತಲೆಗೆ ಎಣ್ಣೆ ಸೋಕಿಸದೆ, ಹಿತ್ತಲಲ್ಲಿ ಹೊಗೆ ಕುಡಿಯುತ್ತ ಬಂದವರಿಗೆಲ್ಲ ಬೇಯಿಸಿ ಹಾಕಬೇಕು. ಮಾನಾಸೆ ಸತ್ತವರ ಸೋದರಮಾವನ ಮಗ. ಅವನ ಚಾಪೆ ಎಷ್ಟು ದೊಡ್ಡದಾಗಿತ್ತೆಂದರೆ ಒಳಗೆ ಇನ್ನೂ ಇಬ್ಬರು ಮಾನಾಸೆಯರನ್ನು ಬಚ್ಚಿಡಬಹುದಿತ್ತು. ಊರಿನ ಪುಣ್ಯ, ಇದ್ದದ್ದು ಒಬ್ಬನೇ.

ಮನೆಯೊಳಗೆ, ತೊಗಟೆಬಟ್ಟೆಯ ರಾಶಿಯ ಮೇಲೆ ಮಲಗಿಸಿದ್ದ ಪೆನಿಸಿಮನಿಯ ತಲೆಯ ಬಳಿ ಕೂತವಳು ಅವನ ಅಕ್ಕನ ಮಗಳು ಲೆಸಿಯೆಲಿ. ಸತ್ತವನ ಅಕ್ಕನ ಕಡೆಯವರು ಮೇಲಿನವರು, ಹಾಗಾಗಿ ಈ ದಿನ ಅವಳ ಮಾತೆಂದರೆ ಮಾತು. ಅವಳು ಹಂದಿ ಹಸಿಯಾಗಿಯೇ ಬಡಿಸಿ ಎಂದರೆ ಹಸಿಯಾಗಿಯೇ ಬಡಿಸಬೇಕು. ಪಾದ್ರಿಯೂ ತುಟಿ ಎರಡು ಮಾಡುವಂತಿಲ್ಲ. ರಾಜಧಾನಿಯಲ್ಲಿ ಇಪ್ಪತ್ತೈದು ವರ್ಷದಿಂದ ಶಾಲೆಯ ಮೇಡಂ ಆಗಿದ್ದವಳು, ನಿನ್ನೆಯ ಹಡಗಿನಲ್ಲಿ ಬಂದಿದ್ದಳು. ಪ್ರತಿ ಕ್ರಿಸ್ಮಸ್ಸಿಗೂ ಅವಳು ಊರಿಗೆ ಬರುವುದು, ಮಾನಾಸೆ ಅವಳ ಮುಂದೆ ಸಮುದ್ರ ಓಡಿಸುವುದು ನಡೆದೇ ಇತ್ತು. ಊರಿನ ನಾಯಿಗಳು ಕೂಡ ಮಾನಾಸೆಯ ಮನೆ ದಾಟುವಾಗ ಇಲ್ಲದ ಕಳ್ಳನನ್ನು ಕಂಡು ಬೊಗಳುತ್ತವೆ ಎಂಬುದು ಊರಿಗೆ ಗೊತ್ತು. ಅವನ ಮಾತೆಲ್ಲ ಬರೀ ಬಡಾಯಿ ಎಂದು ಅವಳಿಗೆ ಗೊತ್ತಿರಲಿಲ್ಲ.

ಹಿಂಬಾಗಿಲು ತೆರೆಯಿತು. ಲೆಸಿಯೆಲಿ ಹೊಸ್ತಿಲಲ್ಲಿ ನಿಂತಳು. ಹಿತ್ತಲಿನವರೆಲ್ಲ ಇದ್ದಲ್ಲೇ ಕೂತರು.

"ಮಾನಾಸೆ ಮಾವ ಎಲ್ಲಿ?"

"ಇಲ್ಲೇ ಇದೀನಿ ಅಮ್ಮಾ, ಹೊಗೆ ಹಿಂದೆ."

"ಸಮಾಧಿ ಗುಂಡಿ ಹತ್ರ ಪೆನಿಸಿಮನಿ ಮಾವನ ಹಾಡು ಇವತ್ತು ನೀನೇ ಎತ್ಬೇಕು. ಮೊದಲನೇ ಸಾಲು ಒಂಟಿ ಕೆಳದನಿ ಅಲ್ವಾ? ಆ ಸಾಲು ನನ್ನ ಗಂಟಲು ನೋಡ್ಕೊಂಡೇ ಕಟ್ಟಿದ್ದು ಅಂತ ಎಷ್ಟು ಸಲ ಹೇಳಿದೀಯ."

ಮಾನಾಸೆಯ ಕೈಯ ಕೋಲು ಕುಳಿಯೊಳಗೆ ಬಿತ್ತು. ಸೋಸಾಯಾ ಕೆಮ್ಮಿದ. "ಅಮ್ಮಾ, ಬೆಳಗಿಂದ ಹೊಗೆ ಕುಡ್ದು ಅವನ ಗಂಟಲು ಕಟ್ಟಿದೆ. ಬೇಕಾದ್ರೆ ನಾನು..."

"ಸಮುದ್ರಾನೇ ಓಡಿಸಿದ ಗಂಟಲಂತೆ. ಹೊಗೆಗೆ ಹೆದರುತ್ತಾ?" ಎಂದಳು ಲೆಸಿಯೆಲಿ. ಅವಳ ಕಣ್ಣು ಅತ್ತು ಊದಿತ್ತು, ಮಾತಿನಲ್ಲಿ ಕುಹಕವಿರಲಿಲ್ಲ. "ಮಾವನಿಗೆ ಇನ್ನೇನು ಕೊಡೋಕಾಗುತ್ತೆ ನನ್ನ ಕೈಲಿ? ಇದೊಂದು ಸರಿಯಾಗಿ ಆಗ್ಲಿ."

ಬಾಗಿಲು ಮುಚ್ಚಿತು.

*

ಮೂವತ್ತೆಂಟು ವರ್ಷಗಳ ಹಿಂದೆ, ಪೆನಿಸಿಮನಿ ಚರ್ಚಿನ ಹಾಡಿನ ಯಜಮಾನನಾದ ವಾರ, ಗುಂಪಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಬಾಯಿಯ ಬಳಿ ಕಿವಿ ಇಟ್ಟು ಕೇಳಿದ್ದ. ಮಾನಾಸೆಯ ಬಳಿ ಬಂದವನು ಮೂರು ಸಲ ಕೇಳಿದ. ಮೊದಲ ಸಲ ಹುಬ್ಬು ಏರಿತು. ಎರಡನೇ ಸಲ ಕಣ್ಣು ಮುಚ್ಚಿತು. ಮೂರನೇ ಸಲವಾದ ಮೇಲೆ ಮಳೆನೀರಿನ ತೊಟ್ಟಿಯ ಹಿಂದಕ್ಕೆ ಕರೆದುಕೊಂಡು ಹೋದ.

"ನೀನು ಹಾಡಿದ್ದು ಯಾವ ಸ್ವರ?"

"ಹಲಗೆ ಮೇಲೆ ನೀನೇ ಸ್ವರಕ್ಕೊಂದು ಅಂಕಿ ಬರ್ದಿದೀಯಲ್ಲ. ಮೂರು."

"ಮೂರೂ ಅಲ್ಲ, ನಾಲ್ಕೂ ಅಲ್ಲ. ಮೂರಕ್ಕೂ ನಾಲ್ಕಕ್ಕೂ ಮಧ್ಯೆ ಒಂದು ಬೇಲಿ ಇರುತ್ತೆ. ಅದರಲ್ಲಿ ಸಿಕ್ಕಿಹಾಕ್ಕೊಂಡಿರೋ ಹಂದಿ ಥರ ಇದೆ ನಿನ್ನ ದನಿ."

ಮಾನಾಸೆ ಕಾಲ ಬೆರಳಿನಿಂದ ಮರಳು ಕೆದಕಿದ. "ಹಾಗಾದ್ರೆ ನಾಳೆಯಿಂದ ಬರಲ್ಲ ಬಿಡು."

"ಬರದೆ ಎಲ್ಲಿಗೆ ಹೋಗ್ತೀಯ? ಊರಿಗೆ ಊರೇ ಒಳಗಿರುತ್ತೆ. ಹೊರಗೆ ಕೂತು ಏಡಿಗಳ ಹತ್ರ ಬಡಾಯಿ ಕೊಚ್ತೀಯಾ? ಎರಡನೇ ಸಾಲಲ್ಲಿ ನಿಲ್ಲು. ಎಲ್ಲರ ಹಾಗೆ ಬಾಯಿ ತೆಗಿ, ಎಲ್ಲರ ಹಾಗೆ ಮುಚ್ಚು. ಸದ್ದು ಮಾತ್ರ ಬರಬಾರದು. ನಾನು ಯಾರಿಗೂ ಹೇಳಲ್ಲ."

ಹೇಳಲೂ ಇಲ್ಲ. ವಾರವೆಲ್ಲ ಪೆನಿಸಿಮನಿ ಗೆಣಸಿನ ತೋಟದಲ್ಲಿ ಅಗೆಯುತ್ತಿದ್ದ. ಸ್ವರ ಹೊಳೆದರೆ ಅಗೆಯುವ ಕೋಲಿನಿಂದಲೇ ಮಣ್ಣಿನ ಮೇಲೆ ಅಂಕಿ ಗೀಚುತ್ತಿದ್ದ. ಅದನ್ನು ತುಳಿದ ಕೋಳಿಯನ್ನು ಅಟ್ಟಾಡಿಸುತ್ತಿದ್ದ. ಶನಿವಾರ ಸಂಜೆ ಚರ್ಚಿನ ಕಪ್ಪು ಹಲಗೆಯ ಮೇಲೆ ನಾಲ್ಕು ದನಿಗೂ ನಾಲ್ಕು ಸಾಲು ಅಂಕಿಗಳನ್ನು ನೆನಪಿನಿಂದಲೇ ಬರೆದು, ಎಲ್ಲರಿಗೂ ಬಾಯಿಗೆ ಬಂತೆಂದು ಖಾತ್ರಿಯಾದ ಕೂಡಲೇ ಅಳಿಸಿಬಿಡುತ್ತಿದ್ದ. ಅಷ್ಟು ವರ್ಷದಲ್ಲಿ ಅವನು ತಪ್ಪಿಸಿದ್ದು ಎರಡೇ ಭಾನುವಾರ. ಒಂದು, ಚಂಡಮಾರುತ ಚರ್ಚಿನ ಸೂರನ್ನು ಹೊತ್ತುಕೊಂಡು ಹೋದಾಗ. ಇನ್ನೊಂದು, ಹೆಂಡತಿ ತೀರಿಕೊಂಡಾಗ. ಒಂಟಿ ಕೆಳದನಿಯಲ್ಲಿ ಶುರುವಾಗುವ ಆ ಹಾಡನ್ನು ಅವಳಿಗೆಂದೇ ಕಟ್ಟಿದ್ದ. ಆಮೇಲೆ ಊರಿನ ಪ್ರತಿ ಸಾವಿಗೂ ತಾನೇ ಅದನ್ನು ಎತ್ತುತ್ತಿದ್ದ.

ಬೇರೆ ಯಾರೂ ಅದನ್ನು ಎತ್ತಿದ್ದಿಲ್ಲ.

*

ಶವವನ್ನು ಹೊತ್ತವರು ಮುಂದೆ ನಡೆದರು. ಕೆಳಗಿನವರು ಹಿಂದೆ. ಮಾನಾಸೆಯ ಚಾಪೆ ಹೆಜ್ಜೆಹೆಜ್ಜೆಗೂ ಕರಕರ ಅನ್ನುತ್ತಿತ್ತು.

"ತಲೆ ಸುತ್ತಿ ಬೀಳಲಾ?" ಎಂದು ಸೋಸಾಯಾನ ಕಿವಿಯಲ್ಲಿ ಕೇಳಿದ.

"ಬಿದ್ರೆ ಲೆಸಿಯೆಲಿನೇ ಎತ್ತಿ ನಿಲ್ಲಿಸ್ತಾಳೆ. ಅವಳಮ್ಮನ ಜೋರು ನೋಡಿಲ್ವಾ ನೀನು?"

"ಹಾವು ಕಚ್ಚಿತು ಅಂದ್ರೆ?"

"ಈ ದ್ವೀಪದಲ್ಲಿ ಯಾವ ಹಾವಿದೆ ಮಾರಾಯ?"

ಆರುನೂರು ಸುಳ್ಳುಗಳನ್ನು ಒಂದೇ ಉಸಿರಿಗೆ ಹೆಣೆಯುತ್ತಿದ್ದ ಮನುಷ್ಯನಿಗೆ ಸ್ಮಶಾನದ ಬೇಲಿ ಬರುವವರೆಗೂ ಉಪಯೋಗಕ್ಕೆ ಬರುವ ಒಂದೂ ಹೊಳೆಯಲಿಲ್ಲ. ಬೇಲಿಯ ಬಳಿ ಮೆಲೆನೈತೆ ಅವನ ಚಾಪೆಯ ತುದಿ ಹಿಡಿದಳು.

"ಮಾವ, ಆ ಹಾಡು ಅಮ್ಮನಿಗೆ ಅಂತ ಅಪ್ಪ ಕಟ್ಟಿದ್ದು. ಹಾಳಾಗೋದು ಬೇಡ."

"ಹಾಳು ಯಾಕಾಗುತ್ತೆ?"

ಅವಳು ಸಮುದ್ರದ ಕಡೆ ಮುಖ ತಿರುಗಿಸಿದಳು.

ಶವದ ಪೆಟ್ಟಿಗೆಯನ್ನು ಚಾಪೆಗಳ ಮೇಲೆ ಇಳಿಸಿದರು. ಪಾದ್ರಿಯ ಪ್ರಾರ್ಥನೆ ಮುಗಿಯಿತು. ಹಾಡುಗುಂಪಿನ ನಲವತ್ತು ಜನ ಗುಂಡಿಯ ಆಚೆ ನಾಲ್ಕು ಸಾಲಾಗಿ ನಿಂತರು. ಲೆಸಿಯೆಲಿ ತಲೆ ಆಡಿಸಿದಳು.

ಮಾನಾಸೆ ಗುಂಡಿಯ ಅಂಚಿಗೆ ಬಂದು ಬಾಯಿ ತೆರೆದ. ಅಷ್ಟು ವರ್ಷದ ಅಭ್ಯಾಸ. ಬಾಯಿ ಬಲು ಚೆನ್ನಾಗಿ ತೆರೆಯಿತು. ತುಟಿ ಮೊದಲ ಮಾತಿನ ಆಕಾರಕ್ಕೆ ಬಂತು, ಎರಡನೆಯದಕ್ಕೆ ಬಂತು, ಸಾಲು ಮುಗಿಸಿ ಮುಚ್ಚಿತು. ಅಲೆಯ ಸದ್ದು ಬಿಟ್ಟು ಬೇರೇನೂ ಕೇಳಲಿಲ್ಲ.

"ಮಾವ?" ಎಂದಳು ಲೆಸಿಯೆಲಿ.

"ನಂಗೆ ಹಾಡೋಕೆ ಬರಲ್ಲ ಅಮ್ಮಾ."

"ಈಗ ದುಃಖಕ್ಕೆ..."

"ದುಃಖಕ್ಕಲ್ಲ. ಯಾವತ್ತೂ ಬರ್ತಿರ್ಲಿಲ್ಲ. ಎರಡನೇ ಸಾಲಲ್ಲಿ ಮೂವತ್ತೆಂಟು ವರ್ಷ ಬರೀ ಬಾಯಿ ಆಡಿಸ್ತಾ ನಿಂತಿದ್ದೆ. ಒಂದು ಸ್ವರಾನೂ ಹಾಡಿಲ್ಲ. ಅವನಿಗೊಬ್ಬನಿಗೇ ಗೊತ್ತಿತ್ತು, ಯಾರಿಗೂ ಹೇಳ್ಲಿಲ್ಲ." ಅವನು ಪೆಟ್ಟಿಗೆಯ ಕಡೆ ನೋಡಿದ. "ಇನ್ನು ಹೇಳೋ ಹಾಗೂ ಇಲ್ಲ, ಅದಕ್ಕೆ ನಾನೇ ಹೇಳ್ತಿದೀನಿ."

"ನಮಗೂ ಗೊತ್ತಿತ್ತು," ಎಂದ ಸೋಸಾಯಾ ಸಾಲಿನಿಂದ.

ಮಾನಾಸೆ ತಿರುಗಿದ. "ನಿಂಗೆ ಹೇಗೆ ಗೊತ್ತು?"

"ನಿನ್ನ ಪಕ್ಕ ನಿಂತಿರೋನು ನಾನು. ಕಿವುಡ ಅಂದ್ಕೊಂಡಿದೀಯಾ?"

ಮೂರನೇ ಸಾಲಿನಲ್ಲಿ ಯಾರೋ ನಗುವನ್ನು ಕೆಮ್ಮು ಮಾಡಿಕೊಂಡರು. ಮಾನಾಸೆಗೆ ಬಂದದ್ದು ನಾಚಿಕೆಯಲ್ಲ, ಸಿಟ್ಟು. ಅಷ್ಟು ಜೋಪಾನವಾಗಿ ಕಾಪಾಡಿದ ಗುಟ್ಟು, ಊರಿನ ಬೀದಿಯಲ್ಲಿ ಹಂದಿಯ ಹಾಗೆ ಓಡಾಡಿಕೊಂಡಿತ್ತೇ? ತಾನೊಬ್ಬನೇ ಅಲ್ಲ, ಇವರೂ ಸುಳ್ಳರೇ.

ಲೆಸಿಯೆಲಿ ನಗಲಿಲ್ಲ. ಮೋಸಹೋದವಳು ಅವಳೊಬ್ಬಳೇ. ಅವಳ ಮುಖ ಬಿಗಿಯಿತು. ಅವಳು ಹೋಗು ಎಂದರೆ ಮಾನಾಸೆ ಹಿತ್ತಲಿಗೆ ಹೋಗಬೇಕಿತ್ತು, ಊರು ಬಿಡು ಎಂದರೆ ಬಿಡಬೇಕಿತ್ತು.

"ಹಾಡದೆ ಅಲ್ಲಿ ನಿಂತು ಏನ್ಮಾಡ್ತಿದ್ದೆ ಅಷ್ಟು ವರ್ಷ?"

ಮಾನಾಸೆ ಯೋಚಿಸಿದ. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಅವನನ್ನ ನೋಡ್ತಿದ್ದೆ," ಎಂದ. "ಇವರಿಗೆಲ್ಲ ಕೆಲಸ ಇತ್ತು. ಹಲಗೆ ನೋಡ್ಬೇಕು, ಅಂಕಿ ನೋಡ್ಬೇಕು, ಉಸಿರು ಹಿಡೀಬೇಕು. ನಂಗೇನಿತ್ತು? ನೋಡೋದೊಂದೇ. ಸೀಮೆಸುಣ್ಣ ಮೆತ್ತಿದ ಕೈನ ಯಾವಾಗ್ಲೂ ಎಡಸೊಂಟಕ್ಕೆ ಒರೆಸ್ತಿದ್ದ. ಹೆಂಗಸರು ಸ್ವರ ತಪ್ಪಿದ್ರೆ ಗಂಡಸರನ್ನ ಬೈತಿದ್ದ. ಹೆಂಡ್ತಿ ಸತ್ತ ಮೇಲೆ ಈ ಹಾಡನ್ನ ಹಲಗೆ ಮೇಲೆ ಬರೆದ, ಅಳಿಸ್ದ, ಮತ್ತೆ ಬರೆದ. ಎಲ್ಲರಿಗೂ ಬಾಯಿಗೆ ಬಂದಿದ್ರೂ ಎರಡು ತಿಂಗಳು ಅಳಿಸ್ಲಿಲ್ಲ. ಅವನಿಗೆ ಮರೆತುಹೋಯ್ತು ಅಂತ ನೀವೆಲ್ಲ ಅಂದ್ಕೊಂಡ್ರಿ. ಮರೆತಿರ್ಲಿಲ್ಲ. ಎಲ್ಲರೂ ಹೋದ ಮೇಲೆ ಅದರ ಮುಂದೆ ಕೂರ್ತಿದ್ದ. ಈ ಹಾಡಿಗೆ ಅವನು ಕೈ ಎತ್ತುತಾನೇ ಇರ್ಲಿಲ್ಲ ಅಮ್ಮಾ. ನಾನು ಎತ್ತುತಿದ್ದ ಅಂತ ಹೇಳೋದೂ ಸುಳ್ಳು. ಕೆಳಗಿಳಿಸ್ತಿದ್ದ."

ಮೆಲೆನೈತೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಹೇಗೆ ಇಳಿಸ್ತಿದ್ರು?" ಎಂದಳು ಲೆಸಿಯೆಲಿ.

"ಹೇಗೆ ಅಂದ್ರೆ... ಹೀಗೆ."

ಮಾನಾಸೆ ಬಲಗೈಯನ್ನು ಚಾಪೆಯ ಪಕ್ಕಕ್ಕೆ ಚಾಚಿದ. ಅಂಗೈ ನೆಲದ ಕಡೆಗಿತ್ತು. ಗಾಳದ ದಾರ ಕೊಯ್ದು ಎಂದೋ ಮಡಚಿ ಸೆಟೆದುಹೋಗಿದ್ದ ಪೆನಿಸಿಮನಿಯ ಬೆರಳುಗಳಂತೆ ಕೊನೆಯ ಎರಡು ಬೆರಳು ಮಡಚಿದ್ದವು. ಗೆಣಸು ನೆಡುವವನು ಗುಳಿಯ ಮಣ್ಣಿಗೆ ಹದ ಬಂದಿದೆಯೇ ಎಂದು ಮುಟ್ಟಿ ನೋಡುವ ಹಾಗೆ, ಆತುರವಿಲ್ಲದೆ, ಬಾಗಿ ಕೈಯನ್ನು ಕೆಳಕ್ಕೆ ಇಳಿಸಿದ. ಅವನು ಬರೀ ತೋರಿಸುತ್ತಿದ್ದ. ಆದರೆ ಗುಂಡಿಯ ಆಚೆ ನಿಂತ ನಲವತ್ತು ಜನ ಒಟ್ಟಿಗೆ ಉಸಿರು ಎಳೆದುಕೊಂಡರು, ಮತ್ತು ಸೋಸಾಯಾನ ಕೆಳದನಿ, ಅವನನ್ನು ಯಾರೂ ಕೇಳದೆಯೇ, ಒಂಟಿಯಾಗಿ ಹೊರಟಿತು.

ಮಾನಾಸೆ ಗಾಬರಿಯಿಂದ ಲೆಸಿಯೆಲಿಯ ಮುಖ ನೋಡಿದ. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಹಾಡಿನ ಎರಡನೇ ಸಾಲಿಗೆ ಉಳಿದ ದನಿಗಳು ಬರಬೇಕು. ಎಲ್ಲರ ಕಣ್ಣೂ ಅವನ ಕೈಯ ಮೇಲಿತ್ತು. ಬೂದಿ ಮೆತ್ತಿದ ಆ ಕೈ ಮರಳಿನಿಂದ ಒಂದು ಗೇಣು ಮೇಲೆ ನಿಂತಿತು, ಆಮೇಲೆ ಹೆಂಗಸರ ಕಡೆಗೆ ತಿರುಗಿತು. ಹೆಂಗಸರ ದನಿಗಳು ಬಂದವು. ಮಾನಾಸೆ ತುಟಿ ಬಿಗಿದುಕೊಂಡು, ಬಾಯಿ ಮುಚ್ಚಿ ನಿಂತಿದ್ದ.